ಬೆಳಕಿನ ವೈದ್ಯ

ಸೂರ್ಯನ ಬೆಳಕನ್ನು ನಾವಾರೂ ಹಣ ಕೊಟ್ಟು ಕೊಳ್ಳುವುದಿಲ್ಲ. ನಮ್ಮ ನಾಡಿನಲ್ಲಂತೂ ಬಿಸಿಲಿಗೆ ಬರವೇ ಇಲ್ಲ. ಬೇಸಗೆಯ ನಡುಹಗಲಿನಲ್ಲಿ ನೆರಳನ್ನು ಅರಸಿಕೊಂಡು ಹೋಗುವ ನಮಗೆ, ಬೆಳಕಿಗಾಗಿ ಹಂಬಲಿಸುವ ಜನರೂ ಇದ್ದಾರೆಂಬುದು ಸುಲಭವಾಗಿ ಹೊಳೆಯುವುದಿಲ್ಲ. ಭೂಮಿಯ ಉತ್ತರದ ಅಂಚಿನ ದೇಶಗಳ ಸ್ಥಿತಿಯೇ ಬೇರೆ. ಅಲ್ಲಿ ಚಳಿಗಾಲ ಬಂದಿತೆಂದರೆ ಸೂರ್ಯನು ತಡವಾಗಿ ಮೂಡಿ, ಕೆಲವೇ ಗಂಟೆಗಳ ಕಾಲ ಬಾನಂಚಿನಲ್ಲಿ ಸುಳಿದು, ಮಧ್ಯಾಹ್ನ ಕಳೆಯುವಷ್ಟರಲ್ಲಿ ಮರೆಯಾಗುತ್ತಾನೆ. ಅಂತಹ ನಾಡಿನಲ್ಲಿ ಹುಟ್ಟಿ, ಜೀವನವಿಡೀ ರೋಗದಿಂದ ಬಳಲಿ, ಬೆಳಕಿನಲ್ಲಿ ರೋಗವನ್ನು ಗುಣಪಡಿಸುವ ಶಕ್ತಿಯಿದೆಯೇ ಎಂದು ಕೇಳಿದವನು ನೀಲ್ಸ್ ರೈಬರ್ಗ್ ಫಿನ್ಸೆನ್. ಆ ಪ್ರಶ್ನೆಗೆ ಆತನು ಕಂಡುಕೊಂಡ ಉತ್ತರವು ಸಾವಿರಾರು ಜನರಿಗೆ ಅವರ ಮುಖವನ್ನು ಮರಳಿ ದೊರಕಿಸಿಕೊಟ್ಟಿತು.

ಫಿನ್ಸೆನ್ನನು 1860ರ ಡಿಸೆಂಬರ್ 15ರಂದು ಫೆರೋ ದ್ವೀಪಗಳ ಟೋರ್ಸ್‌ಹಾವ್ನ್ ಎಂಬ ಊರಿನಲ್ಲಿ ಜನಿಸಿದನು. ಈ ದ್ವೀಪಗಳು ಅಟ್ಲಾಂಟಿಕ್ ಸಾಗರದ ಉತ್ತರ ಭಾಗದಲ್ಲಿ, ಮಂಜು ಮತ್ತು ಬಿರುಗಾಳಿಗಳ ನಡುವೆ ಇವೆ. ಡೆನ್ಮಾರ್ಕಿನ ಅರಸರ ಆಳ್ವಿಕೆಗೆ ಸೇರಿದ ಈ ದ್ವೀಪಗಳಲ್ಲಿ ಆತನ ತಂದೆ ಸರ್ಕಾರದ ಅಧಿಕಾರಿಯಾಗಿದ್ದನು. ಅವರ ಮನೆತನವು ಐಸ್‌ಲೆಂಡಿನ ಪ್ರಾಚೀನ ಮನೆತನಗಳಲ್ಲಿ ಒಂದು. ಬಾಲಕನಿಗೆ ನಾಲ್ಕು ವರ್ಷ ವಯಸ್ಸಾದಾಗಲೇ ತಾಯಿ ತೀರಿಕೊಂಡಳು. ಮರಗಳೇ ಅಪರೂಪವಾದ ಬೆಟ್ಟಗಳು, ಸದಾ ಮೊರೆಯುವ ಕಡಲು, ಮೋಡಗಳ ಮರೆಯಿಂದ ಆಗೊಮ್ಮೆ ಈಗೊಮ್ಮೆ ಇಣುಕುವ ಬಿಸಿಲು, ಇವುಗಳ ನಡುವೆ ಆತನ ಬಾಲ್ಯವು ಕಳೆಯಿತು.

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ಕಾಣಬಹುದೆಂಬ ಗಾದೆ ನಮ್ಮಲ್ಲಿದೆ. ಫಿನ್ಸೆನ್ನನ ವಿಷಯದಲ್ಲಿ ಈ ಗಾದೆ ಸುಳ್ಳಾಯಿತೆಂದೇ ಹೇಳಬೇಕು. 1874ರಲ್ಲಿ ಆತನನ್ನು ಡೆನ್ಮಾರ್ಕಿನ ಒಂದು ವಸತಿಶಾಲೆಗೆ ಸೇರಿಸಿದರು. ಅಲ್ಲಿಯ ಉಪಾಧ್ಯಾಯರ ಕಣ್ಣಿಗೆ ಆತನು ಒಳ್ಳೆಯ ಮನಸ್ಸಿನ, ಆದರೆ ಹೆಚ್ಚಿನ ಬುದ್ಧಿಯಾಗಲಿ ಚುರುಕಾಗಲಿ ಇಲ್ಲದ ಹುಡುಗನಾಗಿ ಕಂಡನು. ಎರಡು ವರ್ಷಗಳ ತರುವಾಯ ತಂದೆಯು ಮಗನನ್ನು ಐಸ್‌ಲೆಂಡಿನ ರೇಕ್ಯಾವಿಕ್ ನಗರಕ್ಕೆ, ತಾನು ಓದಿದ ಶಾಲೆಗೇ ಕಳುಹಿಸಿದನು. ಅಲ್ಲಿ ಓದು ಮುಗಿಸುವ ವೇಳೆಗೆ ಫಿನ್ಸೆನ್ನನಿಗೆ 21 ವರ್ಷ ವಯಸ್ಸಾಗಿತ್ತು. ತೇರ್ಗಡೆಯಾದ 15 ವಿದ್ಯಾರ್ಥಿಗಳಲ್ಲಿ ಆತನ ಸ್ಥಾನ 11ನೆಯದು. ಮುಂದೊಂದು ದಿನ ಈತನು ಜಗತ್ತಿನ ಅತ್ಯುನ್ನತ ಪಾರಿತೋಷಕವನ್ನು ಪಡೆಯುವನೆಂದು ಅಂದು ಯಾರೂ ಊಹಿಸಿರಲಾರರು.

1882ರಲ್ಲಿ ಆತನು ವೈದ್ಯಶಾಸ್ತ್ರವನ್ನು ಕಲಿಯಲು ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿಗೆ ಬಂದನು. ಬಂದ ಮರುವರ್ಷವೇ ಆತನ ದೇಹದಲ್ಲಿ ವಿಚಿತ್ರವಾದೊಂದು ರೋಗವು ತಲೆದೋರಿತು. ಯಕೃತ್ತು, ಹೃದಯ ಮೊದಲಾದ ಅಂಗಗಳನ್ನು ಸುತ್ತುವರಿದ ತೆಳುಪೊರೆಗಳು ಬರಬರುತ್ತ ದಪ್ಪವಾಗಿ ಬಿಗಿಯುವ ರೋಗವದು. ಅದರಿಂದ ರಕ್ತದ ಸಂಚಾರಕ್ಕೆ ತಡೆಯುಂಟಾಗಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಸದಾ ದಣಿವು ಆವರಿಸಿರುತ್ತದೆ. ಅಂದಿನ ವೈದ್ಯರ ಬಳಿ ಅದಕ್ಕೆ ಮದ್ದಿರಲಿಲ್ಲ. ಹೀಗೆ ವೈದ್ಯನಾಗಲು ಬಂದ ತರುಣನು ಮೊದಲು ರೋಗಿಯಾದನು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ, ಕಡೆಯ ಉಸಿರಿನವರೆಗೆ, ಆ ರೋಗವು ಆತನನ್ನು ಬಿಡಲಿಲ್ಲ.

ಆತನು ವಾಸವಾಗಿದ್ದ ಮನೆಯು ಉತ್ತರಕ್ಕೆ ಮುಖಮಾಡಿತ್ತು. ಆ ದೇಶದಲ್ಲಿ ಉತ್ತರದ ಕಿಟಕಿಯಿಂದ ಬಿಸಿಲು ಅಷ್ಟಾಗಿ ಒಳಗೆ ಬೀಳುವುದಿಲ್ಲ. ತನ್ನ ನಿಶ್ಶಕ್ತಿಗೂ ಈ ಕತ್ತಲೆಗೂ ಸಂಬಂಧವಿರಬಹುದೇ ಎಂಬ ಸಂದೇಹವು ಆತನಲ್ಲಿ ಮೂಡಿತು. ಬಿಸಿಲಿನಲ್ಲಿ ಕುಳಿತಾಗ ಮೈ ಹಗುರವಾದಂತೆ ತೋರುತ್ತಿತ್ತು. ಇದು ಬರಿಯ ಭ್ರಮೆಯೋ, ನಿಜವೋ? ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಆತನು ಸುತ್ತಣ ಪ್ರಾಣಿಗಳನ್ನು ಗಮನಿಸತೊಡಗಿದನು. ಒಂದು ದಿನ ಕಿಟಕಿಯ ಕೆಳಗೆ ಬೆಕ್ಕೊಂದು ಬಿಸಿಲು ಕಾಯಿಸುತ್ತ ಮಲಗಿದ್ದಿತು. ಹೊತ್ತು ಸರಿದಂತೆ ನೆರಳು ಅದರತ್ತ ಸಾಗಿತು. ನೆರಳು ಮೈಗೆ ತಾಗಿದೊಡನೆಯೇ ಬೆಕ್ಕು ಎದ್ದು, ಬಿಸಿಲಿದ್ದ ಎಡೆಗೆ ಸರಿದು ಮತ್ತೆ ಮಲಗಿತು. ನೆರಳು ಬಂದಾಗಲೆಲ್ಲ ಹೀಗೆಯೇ ನಡೆಯಿತು. ಎಷ್ಟೋ ಜನರು ಎಷ್ಟೋ ಸಲ ಕಂಡಿರಬಹುದಾದ ನೋಟವಿದು. ಆದರೆ ಬೆಳಕು ಆ ಪ್ರಾಣಿಗೆ ಏನನ್ನೋ ಕೊಡುತ್ತಿರಬೇಕೆಂದು ಫಿನ್ಸೆನ್ನನು ಯೋಚಿಸಿದನು. ಆ ಏನನ್ನು ಕಂಡುಹಿಡಿಯುವುದೇ ಆತನ ಬಾಳಿನ ಗುರಿಯಾಯಿತು.

1890ರಲ್ಲಿ ಫಿನ್ಸೆನ್ನನು ವೈದ್ಯ ಪದವಿಯನ್ನು ಪಡೆದನು. ಬಳಿಕ ವಿಶ್ವವಿದ್ಯಾನಿಲಯದ ಅಂಗರಚನಾ ವಿಭಾಗದಲ್ಲಿ ಆತನಿಗೆ ಕೆಲಸವು ದೊರೆಯಿತು. 1892ರಲ್ಲಿ ಇಂಗೆಬೊರ್ಗ್ ಬಾಲ್ಸ್ಲೆವ್ ಎಂಬುವಳೊಡನೆ ವಿವಾಹವಾಯಿತು. ಸಂಸಾರವನ್ನು ಹೂಡಿದ ಮನುಷ್ಯನು ಸ್ಥಿರವಾದ ಸಂಬಳವನ್ನು ನೆಚ್ಚಿಕೊಂಡಿರುವುದು ಲೋಕದ ರೂಢಿ. ಆದರೆ ತನ್ನ ಆಯುಷ್ಯವು ದೀರ್ಘವಲ್ಲವೆಂಬ ಅರಿವು ಫಿನ್ಸೆನ್ನನಿಗಿತ್ತು. ಇರುವ ಅಲ್ಪ ಶಕ್ತಿಯನ್ನು ಎರಡು ಕೆಲಸಗಳಿಗೆ ಹಂಚುವಂತಿರಲಿಲ್ಲ. 1893ರಲ್ಲಿ ಆತನು ಆ ಕೆಲಸವನ್ನು ಬಿಟ್ಟು, ಬೆಳಕಿನ ಅಧ್ಯಯನಕ್ಕೇ ತನ್ನನ್ನು ಒಪ್ಪಿಸಿಕೊಂಡನು.

ಬಿಳಿಯ ಬೆಳಕು ಕೆಂಪಿನಿಂದ ನೇರಿಳೆಯವರೆಗೆ ಏಳು ಬಣ್ಣಗಳಿಂದ ಕೂಡಿದುದೆಂಬುದನ್ನು ನೀವು ವಿಜ್ಞಾನದ ಪಾಠಗಳಲ್ಲಿ ಓದಿದ್ದೀರಿ. ನೇರಿಳೆಯ ಆಚೆಗೂ ಕಣ್ಣಿಗೆ ಕಾಣದ ಕಿರಣಗಳಿವೆ. ಇವನ್ನು ಅತಿನೇರಿಳೆ ಕಿರಣಗಳೆನ್ನುತ್ತಾರೆ. ಕೆಂಪಿನ ಈಚೆಗಿರುವ ಕಾಣದ ಕಿರಣಗಳು ಅವಕೆಂಪು ಕಿರಣಗಳು. ಬಿಸಿಲಿನಲ್ಲಿ ಚರ್ಮವು ಕೆಂಪಾಗುವುದು ಶಾಖದಿಂದಲೋ, ಬೇರೆ ಕಿರಣಗಳಿಂದಲೋ? ಇದನ್ನು ತಿಳಿಯಲು ಫಿನ್ಸೆನ್ನನು ತನ್ನ ತೋಳನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡನು. ಮುಂಗೈಯ ಮೇಲೆ ಕಪ್ಪು ಮಸಿಯಿಂದ ಒಂದು ಪಟ್ಟಿಯನ್ನು ಬಳಿದು, ತೋಳನ್ನು ಮೂರು ಗಂಟೆಗಳ ಕಾಲ ಸುಡುಬಿಸಿಲಿಗೆ ಒಡ್ಡಿದನು. ಮಸಿಯನ್ನು ತೊಳೆದಾಗ ಅದರ ಕೆಳಗಿನ ಚರ್ಮವು ಮೊದಲಿನಂತೆಯೇ ಬೆಳ್ಳಗಿತ್ತು. ಇಕ್ಕೆಲದ ಚರ್ಮವು ಕೆಂಪಾಗಿ, ಕೆಲವು ದಿನಗಳ ಬಳಿಕ ಕಂದುಬಣ್ಣಕ್ಕೆ ತಿರುಗಿತು. ಅನಂತರ ಮಸಿಯಿಲ್ಲದೆ ಅದೇ ತೋಳನ್ನು ಬಿಸಿಲಿಗೆ ಹಿಡಿದನು. ಈ ಸಲ ಹಿಂದೆ ಬೆಳ್ಳಗೆ ಉಳಿದಿದ್ದ ಪಟ್ಟಿಯೇ ಕೆಂಪಾಯಿತು; ಕಂದಾಗಿದ್ದ ಭಾಗಕ್ಕೆ ಹೆಚ್ಚಿನ ಬಾಧೆ ತಟ್ಟಲಿಲ್ಲ. ಕಪ್ಪು ಬಣ್ಣವು ಶಾಖವನ್ನು ಹೆಚ್ಚಾಗಿ ಹೀರುವುದಾದರೂ ಅದರಡಿಯ ಚರ್ಮವು ಸುಡಲಿಲ್ಲವೆಂದ ಮೇಲೆ, ಸುಡುವುದು ಶಾಖವಲ್ಲ, ನೇರಿಳೆಯ ಕಡೆಯ ಕಿರಣಗಳು ಎಂದಾಯಿತು. ಚರ್ಮದ ಕಂದುಬಣ್ಣವು ಪ್ರಕೃತಿಯು ಹಿಡಿದ ಕೊಡೆಯೆಂಬುದೂ ತಿಳಿದುಬಂದಿತು.

ಚರ್ಮವನ್ನು ಕೆರಳಿಸಬಲ್ಲ ಈ ಕಿರಣಗಳಿಂದ ರೋಗವನ್ನು ನಾಶಮಾಡಲಾಗದೇ ಎಂಬುದು ಮುಂದಿನ ಪ್ರಶ್ನೆ. ಆ ಕಾಲದಲ್ಲಿ ಉತ್ತರ ಯೂರೋಪಿನ ಜನರನ್ನು ಲೂಪಸ್ ವಲ್ಗಾರಿಸ್ ಎಂಬ ಚರ್ಮದ ಕ್ಷಯವು ಕಾಡುತ್ತಿತ್ತು. ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಕ್ಷಯರೋಗದ ಕ್ರಿಮಿಗಳು ಮುಖದ ಚರ್ಮದಲ್ಲಿ ನೆಲೆಯೂರಿ, ಮೂಗು, ತುಟಿ, ಕೆನ್ನೆಗಳನ್ನು ವರ್ಷಾನುಗಟ್ಟಲೆ ತೋಳನಂತೆ ತಿಂದುಹಾಕುತ್ತಿದ್ದವು. ರೋಗಿಗಳು ಬೇಗನೆ ಸಾಯುತ್ತಿರಲಿಲ್ಲ. ಆದರೆ ಬದುಕಿದ್ದೂ ಜನರ ನಡುವೆ ಸುಳಿಯುವಂತಿರಲಿಲ್ಲ. ಮುಖಕ್ಕೆ ಬಟ್ಟೆಯನ್ನು ಮುಚ್ಚಿಕೊಂಡು, ಕೆಲಸವನ್ನೂ ನೆಂಟಸ್ತನವನ್ನೂ ಕಳೆದುಕೊಂಡು, ಮೂಲೆಯಲ್ಲಿ ದಿನಗಳನ್ನು ದೂಡುತ್ತಿದ್ದರು. ವೈದ್ಯರು ಹುಣ್ಣನ್ನು ಕೆರೆದು ತೆಗೆಯುತ್ತಿದ್ದರು, ಇಲ್ಲವೇ ಸುಡುತ್ತಿದ್ದರು. ರೋಗವು ಮತ್ತೆ ಮರುಕಳಿಸುತ್ತಿತ್ತು.

1895ರಲ್ಲಿ ಕೋಪನ್‌ಹೇಗನ್ನಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಇಂಜಿನಿಯರೊಬ್ಬನು ಫಿನ್ಸೆನ್ನನ ಚಿಕಿತ್ಸೆಗೆ ಒಪ್ಪಿದನು. ಆತನ ಮುಖದಲ್ಲಿ ಹಲವು ವರ್ಷಗಳಿಂದ ಲೂಪಸ್ ಇದ್ದಿತು. ಮಾಡಿಸಿದ ಚಿಕಿತ್ಸೆಗಳೆಲ್ಲ ವ್ಯರ್ಥವಾಗಿದ್ದವು. ವಿದ್ಯುತ್ತಿನಿಂದ ಉರಿಯುವ ಇದ್ದಿಲಿನ ಕಡ್ಡಿಗಳ ಪ್ರಖರವಾದ ದೀಪದ ಬೆಳಕನ್ನು ಮಸೂರಗಳಿಂದ ಒಂದೆಡೆಗೆ ಕೂಡಿಸಿ, ಪ್ರತಿದಿನವೂ ಹುಣ್ಣಿನ ಮೇಲೆ ಬೀಳಿಸಲಾಯಿತು. ದಿನಗಳು ಕಳೆದಂತೆ ಹುಣ್ಣು ಒಣಗತೊಡಗಿತು. ಕೆಲವು ತಿಂಗಳಲ್ಲಿ ಅಲ್ಲಿ ಹೊಸ ಚರ್ಮವು ಮೂಡಿತು. ಯಾವ ಕತ್ತಿಯೂ ಮಾಡಲಾಗದ ಕೆಲಸವನ್ನು ಬೆಳಕು ಮಾಡಿತ್ತು.

ಆದರೆ ಒಂದು ಅಡಚಣೆಯಿತ್ತು. ಮೇಲ್ಪದರದ ಹುಣ್ಣು ಮಾಯುತ್ತಿತ್ತು, ಆಳದಲ್ಲಿದ್ದ ರೋಗವು ಉಳಿಯುತ್ತಿತ್ತು. ಬೆಳಕು ಒಳಗೆ ಹೋಗದಂತೆ ತಡೆಯುತ್ತಿದ್ದುದು ಯಾವುದು? ಇದನ್ನು ಅರಿಯಲು ಫಿನ್ಸೆನ್ನನು ಕಿವಿಯ ಹಾಲೆಯ ಹಿಂದೆ ಛಾಯಾಚಿತ್ರದ ಕಾಗದದ ಚೂರನ್ನು ಇಟ್ಟು, ಮುಂದಿನಿಂದ ನೀಲಿ-ನೇರಿಳೆ ಬೆಳಕನ್ನು ಬಿಟ್ಟನು. ಐದು ನಿಮಿಷಗಳಾದರೂ ಕಾಗದವು ಕಪ್ಪಾಗಲಿಲ್ಲ. ಅನಂತರ ಕಿವಿಯನ್ನು ಎರಡು ಗಾಜಿನ ತುಂಡುಗಳ ನಡುವೆ ಒತ್ತಿಹಿಡಿದು, ರಕ್ತವೆಲ್ಲ ಸರಿದು ಅದು ಬಿಳುಪಾಗುವಂತೆ ಮಾಡಿ, ಮತ್ತೆ ಬೆಳಕನ್ನು ಬಿಟ್ಟನು. ಇಪ್ಪತ್ತು ಸೆಕೆಂಡುಗಳಲ್ಲಿ ಕಾಗದವು ಕಪ್ಪಾಯಿತು. ನೀಲಿ ಮತ್ತು ನೇರಿಳೆ ಕಿರಣಗಳನ್ನು ತಡೆಯುತ್ತಿದ್ದುದು ರಕ್ತವೇ ಎಂಬುದು ಹೀಗೆ ಸಿದ್ಧವಾಯಿತು. ಇದಕ್ಕೆ ಸಮಾನವಾದ ಒಂದು ನೋಟವನ್ನು ನೀವೂ ಕಾಣಬಹುದು. ಕತ್ತಲೆಯಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು ಹಚ್ಚಿರಿ. ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಬಿಳಿಯ ಬೆಳಕಿನ ಉಳಿದ ಬಣ್ಣಗಳೆಲ್ಲ ರಕ್ತದಲ್ಲಿ ಅಡಗಿ, ಕೆಂಪು ಮಾತ್ರ ಹೊರಗೆ ಬರುವುದೇ ಇದಕ್ಕೆ ಕಾರಣ. ಈ ಸಣ್ಣ ಸಂಗತಿಯನ್ನು ಮರೆಯದಿರಿ. ಮುಂದೆ ಇದು ಮತ್ತೆ ನಮಗೆ ಬೇಕಾಗುವುದು.

ಈ ಅರಿವಿನಿಂದ ಚಿಕಿತ್ಸೆಯ ಕ್ರಮವು ಪೂರ್ಣವಾಯಿತು. 1896ರಲ್ಲಿ ದಾನಿಗಳ ಹಾಗೂ ಸರ್ಕಾರದ ನೆರವಿನಿಂದ ಕೋಪನ್‌ಹೇಗನ್ನಿನಲ್ಲಿ ಫಿನ್ಸೆನ್ ಬೆಳಕಿನ ಚಿಕಿತ್ಸಾ ಸಂಸ್ಥೆಯು ತಲೆಯೆತ್ತಿತು. ದೊಡ್ಡದೊಂದು ದೀಪವನ್ನು ನಡುವೆ ತೂಗುಬಿಟ್ಟು, ಅದರಿಂದ ನಾಲ್ಕು ಕಡೆಗೆ ನಾಲ್ಕು ಕೊಳವೆಗಳನ್ನು ಇಳಿಸಿರುತ್ತಿದ್ದರು. ಮಾಮೂಲಿನ ಗಾಜು ಅತಿನೇರಿಳೆ ಕಿರಣಗಳನ್ನು ತಡೆಯುವುದರಿಂದ ಕೊಳವೆಗಳಲ್ಲಿ ಸ್ಫಟಿಕ ಶಿಲೆಯ ಮಸೂರಗಳನ್ನು ಬಳಸಿದ್ದರು. ಶಾಖವನ್ನು ಹೀರಲು ನೀರನ್ನು ಹಾಯಿಸುತ್ತಿದ್ದರು. ಪ್ರತಿಯೊಬ್ಬ ರೋಗಿಯ ಬಳಿಯೂ ಒಬ್ಬ ದಾದಿಯು ಕುಳಿತು, ತಣ್ಣೀರು ಹರಿಯುವ ಸ್ಫಟಿಕದ ಬಿಲ್ಲೆಯನ್ನು ಹುಣ್ಣಿನ ಮೇಲೆ ಒತ್ತಿ ಹಿಡಿದಿರುತ್ತಿದ್ದಳು. ಒಂದು ಸಲಕ್ಕೆ ಚಿಕ್ಕ ನಾಣ್ಯದಷ್ಟು ಜಾಗಕ್ಕೆ ಮಾತ್ರ ಚಿಕಿತ್ಸೆ. ಅದಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತಿತ್ತು. ಇಡೀ ಮುಖವು ಗುಣವಾಗಲು ತಿಂಗಳುಗಳೇ ಹಿಡಿಯುತ್ತಿದ್ದವು. ದೀಪದಷ್ಟೇ, ದಣಿಯದೆ ಬಿಲ್ಲೆಯನ್ನು ಹಿಡಿದು ಕುಳಿತ ಆ ದಾದಿಯರ ತಾಳ್ಮೆಯೂ ರೋಗಿಗಳನ್ನು ಉಳಿಸಿತು.

ಮೊದಲ ಐದಾರು ವರ್ಷಗಳಲ್ಲಿ 800ಕ್ಕೂ ಹೆಚ್ಚು ಲೂಪಸ್ ರೋಗಿಗಳು ಇಲ್ಲಿ ಚಿಕಿತ್ಸೆಯನ್ನು ಪಡೆದರು. ಅವರಲ್ಲಿ ಬಹುಮಂದಿ ಗುಣಹೊಂದಿದರು. ಚಿಕಿತ್ಸೆಗೆ ಮೊದಲು ಮತ್ತು ಅನಂತರ ರೋಗಿಗಳ ಛಾಯಾಚಿತ್ರಗಳನ್ನು ತೆಗೆದು ಇಡಲಾಗುತ್ತಿತ್ತು. ಬಟ್ಟೆಯಿಂದ ಮುಖವನ್ನು ಮರೆಮಾಡಿಕೊಂಡು ಬಂದವರು ಮುಖವನ್ನೆತ್ತಿಕೊಂಡು ಬೀದಿಯಲ್ಲಿ ನಡೆದುಹೋದರು. ಡೆನ್ಮಾರ್ಕಿನ ರಾಜಕುಮಾರಿಯಾಗಿ ಹುಟ್ಟಿ ಇಂಗ್ಲೆಂಡಿನ ಅರಮನೆಯ ಸೊಸೆಯಾಗಿದ್ದ ಅಲೆಕ್ಸಾಂಡ್ರಾ 1900ರಲ್ಲಿ ಲಂಡನ್ ಆಸ್ಪತ್ರೆಗೆ ಫಿನ್ಸೆನ್ ದೀಪವನ್ನು ತರಿಸಿಕೊಟ್ಟಳು. ಯೂರೋಪಿನ ಇತರ ನಗರಗಳಲ್ಲಿಯೂ ಇಂತಹ ದೀಪಗಳು ಬೆಳಗಿದವು.

ಫಿನ್ಸೆನ್ನನು ಹಿಡಿದ ದಾರಿಗಳೆಲ್ಲ ಗುರಿಮುಟ್ಟಿದವೆಂದು ಹೇಳುವುದು ಸತ್ಯಕ್ಕೆ ದೂರ. ಸಿಡುಬಿನ ರೋಗಿಗಳನ್ನು ಕೆಂಪು ಪರದೆಗಳನ್ನು ಇಳಿಬಿಟ್ಟ ಕೋಣೆಯಲ್ಲಿಟ್ಟರೆ, ನೇರಿಳೆ ಕಿರಣಗಳು ತಾಕದೆ ಕಲೆಗಳು ಕಡಿಮೆಯಾಗುವುವೆಂದು ಆತನು 1893ರಲ್ಲಿ ಸೂಚಿಸಿದ್ದನು. ಮೊದಮೊದಲು ಒಳ್ಳೆಯ ಸುದ್ದಿಗಳು ಬಂದವು. ಆದರೆ ಮುಂದಿನ ಪರೀಕ್ಷೆಗಳಲ್ಲಿ ಆ ಕ್ರಮವು ನಿಲ್ಲಲಿಲ್ಲ. ಒಳ್ಳೆಯ ಊಹೆಯೂ ಪರೀಕ್ಷೆಯ ಒರೆಗಲ್ಲಿನ ಮೇಲೆ ಸೋಲಬಹುದು. ಸೋಲು ಗೆಲುವುಗಳೆರಡನ್ನೂ ಒಂದೇ ಒರೆಗಲ್ಲಿಗೆ ಹಚ್ಚುವುದೇ ವಿಜ್ಞಾನದ ಮಾರ್ಗ.

ದೀಪದ ಬುಡದಲ್ಲಿ ಕತ್ತಲೆಯೆಂಬ ಮಾತಿದೆ. ಸಾವಿರಾರು ಜನರಿಗೆ ಬೆಳಕನ್ನು ನೀಡಿದ ಫಿನ್ಸೆನ್ನನ ಸ್ವಂತ ರೋಗಕ್ಕೆ ಬೆಳಕು ಮದ್ದಾಗಲಿಲ್ಲ. ಹೊಟ್ಟೆಯಲ್ಲಿ ತುಂಬುತ್ತಿದ್ದ ನೀರನ್ನು ಮತ್ತೆ ಮತ್ತೆ ಹೊರತೆಗೆಯಬೇಕಾಗುತ್ತಿತ್ತು. ಕಡೆಯ ವರ್ಷಗಳಲ್ಲಿ ಆತನು ಗಾಲಿಕುರ್ಚಿಗೆ ಸೀಮಿತನಾದನು. 1903ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಆತನಿಗೆ ಸಂದಿತು. ಡೆನ್ಮಾರ್ಕಿನವರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲಿಗನು ಆತನೇ. ಆದರೆ ನೆರೆಯ ಸ್ಟಾಕ್‌ಹೋಮಿಗೆ ಹೋಗಿ ಅದನ್ನು ಸ್ವೀಕರಿಸುವ ಶಕ್ತಿಯೂ ಆ ದೇಹದಲ್ಲಿ ಉಳಿದಿರಲಿಲ್ಲ. ಬಂದ ಹಣದಲ್ಲಿ ದೊಡ್ಡ ಪಾಲನ್ನು ಬೆಳಕಿನ ಸಂಸ್ಥೆಗೂ, ಹೃದಯ ಮತ್ತು ಯಕೃತ್ತಿನ ರೋಗಿಗಳ ಆರೋಗ್ಯಧಾಮಕ್ಕೂ ಆತನು ಕೊಟ್ಟುಬಿಟ್ಟನು.

ರೋಗದ ಹಾಸಿಗೆಯಲ್ಲಿಯೂ ಆತನ ಶೋಧಕ ಬುದ್ಧಿಯು ಮಂಕಾಗಲಿಲ್ಲ. ತಾನು ತಿಂದ ಆಹಾರವನ್ನೂ, ಕುಡಿದ ನೀರನ್ನೂ, ತನ್ನ ದೇಹದ ತೂಕವನ್ನೂ ಅಳೆದು ಬರೆದಿಡುತ್ತಿದ್ದನು. ಉಪ್ಪು ದೇಹದಲ್ಲಿ ಸಂಗ್ರಹವಾಗುವುದಕ್ಕೂ ನೀರು ತುಂಬುವುದಕ್ಕೂ ಸಂಬಂಧವಿರುವುದನ್ನು ಕಂಡುಕೊಂಡು, ಉಪ್ಪನ್ನು ಕಡಿಮೆಮಾಡಿದನು. ಈ ವಿಷಯವನ್ನು ಕುರಿತ ಲೇಖನವು 1904ರಲ್ಲಿ ಪ್ರಕಟವಾಯಿತು. ಅದೇ ಆತನ ಕೊನೆಯ ಶಾಸ್ತ್ರಲೇಖನ. ಆ ವರ್ಷದ ಸೆಪ್ಟೆಂಬರ್ 24ರಂದು, ತನ್ನ 43ನೆಯ ವಯಸ್ಸಿನಲ್ಲಿ, ಫಿನ್ಸೆನ್ನನು ಕಣ್ಮುಚ್ಚಿದನು.

ಆತನ ದೀಪಗಳು ಇನ್ನೂ ಹಲವು ದಶಕಗಳ ಕಾಲ ಉರಿದವು. 1940ರ ದಶಕದಲ್ಲಿ ಕ್ಷಯದ ಕ್ರಿಮಿಗಳನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ ಅವುಗಳ ಅಗತ್ಯವು ತೀರುತ್ತ ಬಂದಿತು. ಅತಿನೇರಿಳೆ ಕಿರಣಗಳೇ ಕ್ರಿಮಿಗಳನ್ನು ಕೊಂದವೆಂದು ಜನರು ಬಹುಕಾಲ ನಂಬಿದ್ದರು. ಡೆನ್ಮಾರ್ಕಿನ ಸಂಶೋಧಕರು ಆ ಹಳೆಯ ಉಪಕರಣಗಳನ್ನೇ ಪರೀಕ್ಷಿಸಿ, 2005ರಲ್ಲಿ ಬೇರೊಂದು ವಿವರಣೆಯನ್ನು ನೀಡಿದರು. ಪ್ರಬಲವಾದ ಅತಿನೇರಿಳೆ ಕಿರಣಗಳು ಆ ಉಪಕರಣಗಳನ್ನು ದಾಟುತ್ತಲೇ ಇರಲಿಲ್ಲ. ಕ್ಷಯದ ಕ್ರಿಮಿಗಳಲ್ಲಿರುವ ಪಾರ್ಫಿರಿನ್ ಎಂಬ ವಸ್ತುಗಳು ನೀಲಿ-ನೇರಿಳೆ ಬೆಳಕನ್ನು ಹೀರಿ, ಆಮ್ಲಜನಕದ ತೀಕ್ಷ್ಣರೂಪವನ್ನು ಉಂಟುಮಾಡಿ, ಆ ಕ್ರಿಮಿಗಳನ್ನೇ ನಾಶಮಾಡಿರಬೇಕೆಂದು ಅವರು ತೋರಿಸಿದರು. ಚಿಕಿತ್ಸೆಯು ನಿಜ, ಅದರ ಕಾರಣವು ಸ್ಪಷ್ಟವಾಗಲು ನೂರು ವರ್ಷಗಳು ಬೇಕಾದವು.

ಬೆಳಕಿನ ಚಿಕಿತ್ಸೆಯ ಕಥೆಯು ಇಲ್ಲಿಗೆ ಮುಗಿಯಲಿಲ್ಲ. 1960ರಲ್ಲಿ ಲೇಸರ್ ಎಂಬ ಹೊಸ ಬೆಳಕು ಹುಟ್ಟಿತು. ಸಾಮಾನ್ಯ ದೀಪದ ಬೆಳಕು ಹಲವು ಬಣ್ಣಗಳ ಬೆರಕೆ. ಲೇಸರ್ ಒಂದೇ ಬಣ್ಣದ, ಚದುರದೆ ಸಾಗುವ ಬೆಳಕು. ಹಂಗರಿಯ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯನು 1967ರ ಸುಮಾರಿನಲ್ಲಿ, ಲೇಸರಿನಿಂದ ಏಡಿಗಂತಿ ಬರುವುದೇ ಎಂದು ತಿಳಿಯಲು ಇಲಿಗಳ ಬೆನ್ನಿನ ಕೂದಲನ್ನು ಬೋಳಿಸಿ ಮಂದವಾದ ಕೆಂಪು ಲೇಸರನ್ನು ಬೀಳಿಸಿದನು. ಏಡಿಗಂತಿ ಬರಲಿಲ್ಲ, ಬದಲಾಗಿ, ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗನೆ ಬೆಳೆಯಿತು. ಮುಂದೆ ಇಂತಹ ಬೆಳಕಿನಿಂದ ಗಾಯಗಳು ಮಾಯುವುದನ್ನೂ ಆತನು ಅಭ್ಯಸಿಸಿದನು. ಫಿನ್ಸೆನ್ನನು ನೇರಿಳೆಯ ತುದಿಯಿಂದ ಪ್ರವೇಶಿಸಿದ ಮನೆಯನ್ನು ಮೆಸ್ಟರನು ಕೆಂಪಿನ ತುದಿಯಿಂದ ಪ್ರವೇಶಿಸಿದಂತಾಯಿತು.

ಇಂದು ಈ ಮಂದ ಲೇಸರ್ ದಂತವೈದ್ಯರ ಕೈಯನ್ನೂ ಸೇರಿದೆ. ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆಯು ಕಾಲಕ್ರಮದಲ್ಲಿ ಸವೆದು ಕುಗ್ಗುತ್ತದೆ. ಅಲ್ಲಿ ಕೃತಕ ಹಲ್ಲಿನ ಬೇರನ್ನು ನಿಲ್ಲಿಸಬೇಕಾದರೆ ಮೊದಲು ಮೂಳೆಯನ್ನು ತುಂಬಿಸಬೇಕು. ರೋಗಿಯದೇ ಮೂಳೆಯ ಚೂರುಗಳನ್ನೋ, ಸಂಸ್ಕರಿಸಿದ ಬೇರೆ ಮೂಳೆಯ ಹರಳುಗಳನ್ನೋ ಅಲ್ಲಿ ತುಂಬಿ ಹೊಲಿಯುತ್ತಾರೆ. ಇದೇ ಮೂಳೆಯ ಕಸಿ. ಮನೆ ಕಟ್ಟುವಾಗ ನಿಲ್ಲಿಸುವ ಸಾರುವೆಯಂತೆ ಈ ಹರಳುಗಳು ಆಸರೆಯಾಗಿ ನಿಲ್ಲುತ್ತವೆ. ಅವುಗಳ ಎಡೆಯಲ್ಲಿ ಸಣ್ಣ ರಕ್ತನಾಳಗಳು ನುಸುಳಿ, ಮೂಳೆ ಕಟ್ಟುವ ಜೀವಕೋಶಗಳು ನೆಲೆಸಿ, ಮೆಲ್ಲನೆ ಹೊಸ ಮೂಳೆಯನ್ನು ಕಟ್ಟುತ್ತವೆ. ಈ ಕೆಲಸಕ್ಕೆ ತಿಂಗಳುಗಳು ಬೇಕು. ಇದನ್ನು ತ್ವರೆಗೊಳಿಸಲು ಕೆಂಪು ಅಥವಾ ಅವಕೆಂಪು ಲೇಸರನ್ನು ಒಸಡಿನ ಮೇಲಿನಿಂದ ಬೀಳಿಸಿ ನೋಡುತ್ತಿದ್ದಾರೆ. ಈ ಬಣ್ಣಗಳೇ ಏಕೆ? ಅಂಗೈಯ ಟಾರ್ಚನ್ನು ನೆನೆಯಿರಿ. ರಕ್ತವನ್ನು ದಾಟಿ ಆಳಕ್ಕೆ ಇಳಿಯಬಲ್ಲ ಕಿರಣಗಳು ಇವೇ. ಜೀವಕೋಶಗಳಲ್ಲಿ ಶಕ್ತಿಯನ್ನು ತಯಾರಿಸುವ ಮೈಟೊಕಾಂಡ್ರಿಯಗಳು ಈ ಬೆಳಕನ್ನು ಹೀರಿ ಚುರುಕಾಗುತ್ತವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಪ್ರಾಣಿಗಳ ಮೇಲಿನ ಹಲವು ಪ್ರಯೋಗಗಳಲ್ಲಿ ಹೊಸ ಮೂಳೆಯು ಬೇಗನೆ ಕೂಡಿಕೊಂಡಿದೆ. ಮನುಷ್ಯರಲ್ಲಿ ಮಾತ್ರ ಫಲವು ಒಂದೇ ತೆರನಾಗಿಲ್ಲ. ಎಷ್ಟು ಬೆಳಕು, ಎಷ್ಟು ಹೊತ್ತು, ಎಷ್ಟು ದಿನ ಎಂಬುದರಲ್ಲಿ ಇನ್ನೂ ಒಮ್ಮತವಿಲ್ಲ. ಕಡಿಮೆಯಾದರೆ ಫಲವಿಲ್ಲ, ಮಿತಿಮೀರಿದರೆ ಬೆಳವಣಿಗೆಯು ಕುಂಠಿತವಾಗುವುದೂ ಉಂಟು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಬೆಳಕಿಗೂ ಸಲ್ಲುತ್ತದೆ.

ಬೆಳಕು ಮದ್ದಾಗಬಲ್ಲುದು, ಆದರೆ ಅಳೆದು ಕೊಟ್ಟಾಗ ಮಾತ್ರ. ಈ ಪಾಠವನ್ನು ಜಗತ್ತಿಗೆ ಮೊದಲು ಕಲಿಸಿದವರಲ್ಲಿ ಫಿನ್ಸೆನ್ನನು ಅಗ್ರಗಣ್ಯನು. ಬಿಸಿಲು ಹಿತವೆನಿಸಿತೆಂದು ಆತನು ಅದನ್ನು ಕುರುಡಾಗಿ ನಂಬಲಿಲ್ಲ. ಯಾರೂ ಹೇಳಿಲ್ಲವೆಂದು ತಳ್ಳಿಹಾಕಲೂ ಇಲ್ಲ. ತನ್ನ ತೋಳಿನ ಮೇಲೆ ಮಸಿ ಬಳಿದು ಪರೀಕ್ಷಿಸಿದನು. ಕೋಪನ್‌ಹೇಗನ್ನಿನಲ್ಲಿ ಆತನ ನೆನಪಿಗಾಗಿ 1909ರಲ್ಲಿ ಒಂದು ಶಿಲ್ಪವನ್ನು ನಿಲ್ಲಿಸಲಾಯಿತು. ಅದರ ಹೆಸರು ಬೆಳಕಿನೆಡೆಗೆ ಎಂದು. ಅದರಲ್ಲಿ ಮಾನವಾಕೃತಿಗಳು ಬಾನಿನತ್ತ ಮೈಚಾಚಿ ನಿಂತಿವೆ. ನೆರಳಿನಿಂದ ಎದ್ದು ಬಿಸಿಲಿಗೆ ಸರಿದ ಆ ಬೆಕ್ಕನ್ನೂ, ಅದನ್ನು ಕಿಟಕಿಯಿಂದ ನೋಡುತ್ತ ಕುಳಿತ ರೋಗಿಷ್ಠ ತರುಣನನ್ನೂ ಅದು ನಮಗೆ ನೆನಪಿಸುತ್ತದೆ.